ಗದ್ದಲದಲ್ಲೂ ಅಳಿಸದ ಅಲೆ: ಡಾ. ರೋಸ್ವಿತಾ ಆಲ್ಬೋರ್ನ್

ಕಿವುಡು ಪ್ರಾಣಿಯ ಶ್ರವಣನರವನ್ನು ಬೆಳಕಿನಿಂದ ಎಚ್ಚರಿಸುವ ವಿದ್ಯೆಯಲ್ಲಿ ಕೈ ಪಳಗಿದವರು ಹೆಚ್ಚು ಮಂದಿಯಿಲ್ಲ. ಅವರಲ್ಲೂ ತಮ್ಮ ಗೆಲುವನ್ನು ತಾವೇ ಮೊದಲು ಶಂಕಿಸುವವರು ಇನ್ನೂ ವಿರಳ. ಈ ವಸಂತದಲ್ಲಿ ಗ್ಯೋಟಿಂಗೆನ್ನಿನ ತಮ್ಮ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಡಾ. ರೋಸ್ವಿತಾ ಆಲ್ಬೋರ್ನ್ ಅಂಥ ವಿರಳರಲ್ಲಿ ಒಬ್ಬರು. ಕಿವಿಯೊಳಗೆ ವಿದ್ಯುತ್ ಸಾಧನ ಕೂರಿಸುವ ಶಸ್ತ್ರವೈದ್ಯೆಯಾಗಿ ಹೆಸರು ಮಾಡಿದ್ದ ಅವರು, "ಮಾತು ಕೇಳುತ್ತೆ, ಆದ್ರೆ ಹಾಡೆಲ್ಲ ಕಲಸಿಹೋಗುತ್ತೆ" ಎಂಬ ರೋಗಿಗಳ ದೂರನ್ನು ಮನಸ್ಸಿಗೆ ಹಚ್ಚಿಕೊಂಡು ಬೆಳಕಿನ ಕಡೆ ತಿರುಗಿದರು. ವಿದ್ಯುತ್ತು ನರದ ಮೇಲೆಲ್ಲ ಹರಡಿಕೊಳ್ಳುತ್ತದೆ, ಬೆಳಕನ್ನು ಬೇಕಾದ ಜಾಗಕ್ಕಷ್ಟೇ ಬೀಳಿಸಬಹುದು ಎಂಬುದು ಅವರ ಭರವಸೆ.

ಕೆಲವು ವರ್ಷಗಳ ಹಿಂದಿನ ಮಾತು. ಅವರ ಶಿಷ್ಯೆ ವೀಬ್ಕೆ ಹಾರ್ಮ್ಸ್ ಡಾಕ್ಟರೇಟಿನ ಕೊನೆಯ ವರ್ಷದಲ್ಲಿದ್ದಳು. ಔಷಧಿಯಿಂದ ಕಿವುಡಾಗಿಸಿದ ಜರ್ಬಿಲ್ ಇಲಿಯ ಕಿವಿಯೊಳಗೆ ಲೇಸರ್ ಬೆಳಕು ಮಿಡಿಸಿದಾಗ ಪರದೆಯ ಮೇಲೆ ನರದ ಅಲೆ ಎದ್ದಿತು. ಡಾಕ್ಟರೇಟ್ ಪರೀಕ್ಷೆ ಗೆದ್ದವರು, ಗೆಳೆಯರು ಮಾಡಿಕೊಟ್ಟ ಟೋಪಿ ಧರಿಸಿ, ಗಾಡಿಯೇರಿ ಹೋಗಿ ಕಾರಂಜಿಯ ಮೇಲಿನ, ಹೆಬ್ಬಾತು ಹಿಡಿದ ಹುಡುಗಿಯ ವಿಗ್ರಹಕ್ಕೆ ಮುತ್ತಿಡುವುದು ಗ್ಯೋಟಿಂಗೆನ್ನಿನ ಪದ್ಧತಿ. ಲೇಸರ್ ನೋಡಿಕೊಳ್ಳುವ ಡೆಟ್ಲೆಫ್ ಪರೀಕ್ಷೆಯ ದಿನಕ್ಕೂ ಕಾಯದೆ ರಟ್ಟಿನ ಕಿವಿಗಳ ಟೋಪಿಯನ್ನು ಸಿದ್ಧಮಾಡಿಬಿಟ್ಟ. ಆಲ್ಬೋರ್ನ್ ಅವರು ಅಲೆಯನ್ನೂ ನೋಡಿದರು, ಟೋಪಿಯನ್ನೂ ನೋಡಿದರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಆಯ್ತಲ್ಲ ಡೆಟ್ಲೆಫ್. ವೀಬ್ಕೆ, ಗದ್ದಲ ಹಾಕಿ ನೋಡಿದ್ಯೇನಮ್ಮ?"

"ಕಿವುಡು ಇಲಿಗೆ ಗದ್ದಲ ಯಾಕೆ ಮೇಡಂ?"

"ಕಿವುಡು ಅಂತ ನೀನು ಹೇಳ್ತಿದ್ದೀಯ. ಇಲಿ ಹೇಳಿಲ್ವಲ್ಲ."

ಬೆಳಕು ಬಿದ್ದ ಕಡೆ ಕಿವಿಯೊಳಗಿನ ದ್ರವ ಕ್ಷಣಕಾಲ ಬಿಸಿಯಾಗಿ ಸಣ್ಣಗೆ ಟಿಕ್ಕೆನ್ನುತ್ತದೆ. ಕೇಳುವ ಶಕ್ತಿ ಚೂರು ಉಳಿದಿದ್ದರೂ ಪ್ರಾಣಿ ಆ ಸದ್ದನ್ನೇ ಕೇಳಿಸಿಕೊಳ್ಳುತ್ತದೆ, ನಾವು ನರ ಬೆಳಕಿಗೇ ಎಚ್ಚೆತ್ತಿತೆಂದು ಕುಣಿಯುತ್ತೇವೆ. ವೀಬ್ಕೆ ಸ್ಪೀಕರ್ ಹಚ್ಚಿ ಗದ್ದಲ ತುಂಬಿದಳು. ಟಿಕ್ಕೆಂಬ ಸದ್ದು ಅದರಲ್ಲಿ ಮುಳುಗಿತು, ಅಲೆಯೂ ಅಳಿಸಿಹೋಯಿತು. ಅದನ್ನೇ ನಂಬಿದ್ದ ಪ್ರಬಂಧವೂ ಹೋಯಿತು. ಅವಳು ಬೆಂಚಿನ ಮೇಲೆ ಕೂತು ಅತ್ತಳು, ಎಲ್ಲ ಬಿಟ್ಟು ತನ್ನೂರಿಗೆ ಮರಳುವ ಮಾತಾಡಿದಳು.

ಮುಂದಿನ ತಿಂಗಳ ಸಮ್ಮೇಳನದಲ್ಲಿ ಗೆಲುವನ್ನು ಸಾರಬೇಕಿದ್ದ ಆಲ್ಬೋರ್ನ್ ಅವರು ವೇದಿಕೆಯೇರಿ, ಅಳಿದ ಅಲೆಯನ್ನೇ ತೋರಿಸಿ, "ಇದು ನನ್ನ ಪ್ರಯೋಗಾಲಯ, ಆದ್ದರಿಂದ ನನ್ನ ತಪ್ಪು" ಎಂದು ಕೂತರು. ಶಿಷ್ಯೆಯ ಹೆಸರನ್ನು ಎಲ್ಲೂ ಎತ್ತಲಿಲ್ಲ. ಸಭಿಕರ ನಡುವೆ ತಲೆ ತಗ್ಗಿಸಿ ಕೂತಿದ್ದ ವೀಬ್ಕೆ ಊರಿಗೆ ಹೋಗಲಿಲ್ಲ.

ಆಮೇಲೆ ದಾರಿ ಬದಲಾಯಿತು. ನರಕ್ಕೇ ಬೆಳಕನ್ನು ಅರಿಯುವ ಗುಣ ಕೊಡುವ ವಂಶವಾಹಿಯನ್ನು ಸೇರಿಸಿ, ಪೂರ್ತಿ ಕಿವುಡೆಂದು ಖಚಿತವಾದ ಪ್ರಾಣಿಯಲ್ಲಿ ಮತ್ತೆ ಬೆಳಕು ಮಿಡಿಸಿದರು. ಈ ಸಲ ಗದ್ದಲ ಹಾಕಿದವಳು ವೀಬ್ಕೆಯೇ. ಎದ್ದ ಅಲೆ ಅಳಿಸಲಿಲ್ಲ. ಅವಳು ಪರೀಕ್ಷೆ ಗೆದ್ದ ದಿನ ಆಲ್ಬೋರ್ನ್ ಅವರು ತಮ್ಮ ಬೀರುವಿನ ಮೇಲಿಂದ ರಟ್ಟಿನ ಕಿವಿಗಳ ಅದೇ ಟೋಪಿಯನ್ನು ಇಳಿಸಿ, ಧೂಳು ಊದಿ, ಅವಳ ತಲೆಗಿಟ್ಟರು. ಅಷ್ಟು ದಿನವೂ ಅದನ್ನು ಜೋಪಾನ ಮಾಡಿದ್ದವರು ಅವರೇ.

ಅವರಿಗೆ ದೀರ್ಘಾಯುಷ್ಯ ದೊರೆಯಲಿ, ಅವರ ಸಂಶಯಬುದ್ಧಿ ನಮ್ಮ ಬೆನ್ನ ಹಿಂದೆ ಸದಾ ಇರಲಿ ಎಂಬುದು ಪ್ರಯೋಗಾಲಯದ ಎಲ್ಲರ ಹಾರೈಕೆ. ವೀಬ್ಕೆ ಈ ಹೊಗಳಿಕೆಯನ್ನೆಲ್ಲ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು:

"ಗದ್ದಲ ಹಾಕಿ ನೋಡಿದ್ಯೇನಮ್ಮ?"

"ಇಷ್ಟು ವರ್ಷ ಹಾಕಿ ನೋಡಿದೀವಿ ಮೇಡಂ. ಅಳಿಸಿಲ್ಲ."