ಖಾಲಾ ಸೈಜ್, ಅಮ್ಮಾ ಸೈಜ್

ಮೆಹಂದಿ ಹಚ್ಚಿ ಕೆಂಪಾದ ಗಡ್ಡ, ಅದರ ಕೆಳಗೆ ಒತ್ತಿ ಹಿಡಿದ ಬಿಳಿ ಲೇಸಿನ ಕಾಲರ್, ಕಾಲರಿನಿಂದ ಪಾದದವರೆಗೆ ಇಳಿಬಿದ್ದ ಗುಲಾಬಿ ಹೂಗಳು. ನರಗುಂದದ ನಮ್ಮ ಮನೆಯ ಕಟ್ಟೆಯ ಮುಂದೆ, ಬುಧವಾರದ ಬಿಸಿಲಲ್ಲಿ, ಬಾಗಿಲಷ್ಟು ಎತ್ತರದ ಆ ಮನುಷ್ಯ ಹೆಂಗಸರ ನೈಟಿಯನ್ನು ಗದ್ದದಡಿ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿ ನಿಲ್ಲುತ್ತಿದ್ದ.

"ನೋಡ್ರಿ, ಎಷ್ಟ ಅಗಲ ಐತಿ! ಒಳಗ ಗಾಳಿ ಆಡಬೇಕ್ರಿ. ದಿನಾ ಒಲಿ ಮುಂದ ನಿಲ್ಲಾವ್ರು ನೀವು."

ಅವನ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ. ಹಾಗಾಗಿ ನಾವೂ ನಗುತ್ತಿರಲಿಲ್ಲ. ಮೊದಲ ಸಲ ಮಾತ್ರ ನಾನು ಒಳಗೆ ಓಡಿಹೋಗಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ.

ಅವನ ಊರು ರೋಣ. ಮೊಪೆಡ್ಡಿನ ಹಿಂದೆ ದೊಡ್ಡ ಗಂಟು ಕಟ್ಟಿಕೊಂಡು ಶಿರೋಳ, ಕೊಣ್ಣೂರು ಎಲ್ಲ ಸುತ್ತುತ್ತಿದ್ದ. ನಮ್ಮ ಓಣಿಗೆ ಬುಧವಾರ. ಮಕ್ಕಳು ಅವನನ್ನು ಮ್ಯಾಕ್ಸಿ ಮಾಮಾ ಅನ್ನುತ್ತಿದ್ದವು. ದೊಡ್ಡವರಿಗೂ ಅದೇ ಹೆಸರು ಅಂಟಿತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದು ಓದಿದವಳು. ಡ್ರೆಸ್ಸಿಂಗ್ ಗೌನಿನಲ್ಲಿ ಬಾಗಿಲಿನಾಚೆ ಕಾಣಿಸಿಕೊಳ್ಳುವವಳು ಲೇಡಿಯೇ ಅಲ್ಲ ಎಂದು ನಮ್ಮ ಸಿಸ್ಟರ್ ಒಬ್ಬರು ಕಲಿಸಿದ್ದರು. ಆ ಪಾಠ ನರಗುಂದದ ಒಂದು ಮೇ ತಿಂಗಳಲ್ಲಿ ಕರಗಿಹೋಯಿತು. ನಮ್ಮ ಓಣಿಯಲ್ಲಿ ನೈಟಿಯ ಮೇಲೆ ಒಂದು ಟವೆಲ್ ಹೊದ್ದುಕೊಂಡರೆ ಅದು ಫುಲ್ ಡ್ರೆಸ್. ಹಾಗೆ ಹೊದ್ದು ಹಾಲು ತರಬಹುದು, ಜಗಳ ಆಡಬಹುದು, ಬೀಗರನ್ನೂ ಎದುರುಗೊಳ್ಳಬಹುದು.

ಹೆಣ್ಣುಮಕ್ಕಳಿಗೆ ಅಳತೆ ಕೇಳುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಮೀಡಿಯಮ್, ಎಕ್ಸ್ಎಲ್ ಎಂಬ ಪಟ್ಟಿಗಳನ್ನೆಲ್ಲ ಮನೆಯಲ್ಲೇ ಕತ್ತರಿಸಿ ಬಂದಿರುತ್ತಿದ್ದ. ತೆಳ್ಳಗಿನವರಿಗೆ "ನಮ್ಮ ತಂಗಿ ಸೈಜ್", ಮೈಕೈ ತುಂಬಿದವರಿಗೆ "ನಮ್ಮ ಅಮ್ಮಾ ಸೈಜ್", ಅದಕ್ಕೂ ಮೇಲಿನದು "ನಮ್ಮ ಖಾಲಾ ಸೈಜ್". ಖಾಲಾ ಎಂದರೆ ಅವನ ಚಿಕ್ಕಮ್ಮ. ಹೀಗಾಗಿ ಯಾರೂ ತಾವು ದಪ್ಪ ಎಂದು ಹೇಳಿಕೊಳ್ಳಬೇಕಾಗಿರಲಿಲ್ಲ. ಅವನ ಖಾಲಾನ ಯೋಗಕ್ಷೇಮ ವಿಚಾರಿಸಿದರೆ ಸಾಕಿತ್ತು.

"ಏ ಮಾಮಾ, ನಿಮ್ಮ ಖಾಲಾ ಸೊರಗ್ಯಾಳೇನು? ಹ್ವಾದ ಸಲದ್ದು ನನಗ ಬಿಗಿ ಆಗೈತಿ," ಎಂದು ಎದುರುಮನೆಯ ಗೌಡಶಾನಿ ಕೇಳುವಳು.

"ಇಲ್ರಿ ಅಕ್ಕಾರ, ಬಟ್ಟಿ ಕುಗ್ಗೈತಿ. ಖಾಲಾ ಆರಾಮ ಅದಾಳ, ಚಲೋ ಉಣ್ತಾಳ. ಇನ್ನೊಂಚೂರು ದೊಡ್ಡದ ತಂದೀನಿ, ತಗೋರಿ."

ನಾನು ಅಮ್ಮಾ ಸೈಜ್. ನನ್ನನ್ನು ಅವನು ಗೌರವದಿಂದ ಬಾಯಾರ ಅನ್ನುತ್ತಿದ್ದ. ವ್ಯಾಪಾರ ನಮ್ಮ ಕಟ್ಟೆಯ ಮೇಲೇ ನಡೆಯುತ್ತಿದ್ದರಿಂದ ಚಹಾ ನನ್ನದು. ಬುಧವಾರದ ಆ ಒಂದು ತಾಸು ನನ್ನ ಕ್ಲಬ್ ಆಗಿತ್ತು ಅನ್ನಿ. ನಮ್ಮ ಯಜಮಾನರು ಅದನ್ನು ನನ್ನ ದರ್ಬಾರ ಅನ್ನುತ್ತಿದ್ದರು.

ಕೆಲ ವರ್ಷಗಳ ಹಿಂದೆ ಹುಬ್ಬಳ್ಳಿಯ ದವಾಖಾನೆಯಲ್ಲಿ ನನ್ನ ಎಡಗಡೆಯ ಸ್ತನವನ್ನು ತೆಗೆದುಹಾಕಿದರು. ಕ್ಯಾನ್ಸರ್, ಅರ್ಲಿ ಸ್ಟೇಜ್, ಯೂ ಆರ್ ವೆರಿ ಲಕ್ಕಿ ಎಂದರು. ಇರಬಹುದು. ಮನೆಗೆ ಬಂದ ಮೇಲೆ ತೋಳು ಮೇಲೆತ್ತಲು ಬರುತ್ತಿರಲಿಲ್ಲ. ತಲೆಯಿಂದ ಹಾಕಿಕೊಳ್ಳುವ ನೈಟಿ ದೂರದ ಮಾತಾಯಿತು. ಬ್ಲೌಸ್ ಒಂದು ಕಡೆ ಬರಿದಾಗಿ ಜೋಲುತ್ತಿತ್ತು. ಯಜಮಾನರ ಹಳೆಯ ಶರ್ಟು ತೊಟ್ಟು ಒಳಕೋಣೆಯಲ್ಲಿ ಕೂತೆ. ಬುಧವಾರ ಹೊರಗೆ ಎಲ್ಲರ ಮಾತು ಕೇಳಿಸುತ್ತಿತ್ತು. ಮಾತಾಡುವಾಗ ಅವರ ಕಣ್ಣು ನನ್ನ ಮುಖ ಬಿಟ್ಟು ಕೆಳಗಿಳಿಯುತ್ತದೆ, ಅದನ್ನು ನಾನು ತಡೆಯಲಾರೆ ಅನ್ನಿಸಿತ್ತು. ಇನ್ನು ಕಟ್ಟೆಗೆ ಹೋಗುವುದಿಲ್ಲ, ದ್ಯಾಟ್ಸ್ ದ್ಯಾಟ್ ಎಂದು ತೀರ್ಮಾನಿಸಿಬಿಟ್ಟೆ.

"ದರ್ಬಾರ ಖಾಲಿ ಬಿದ್ದೈತಿ," ಎಂದರು ಯಜಮಾನರು. ನಾನು ಮುಖ ತಿರುಗಿಸಿದೆ. ಪಾಪ, ಚಹಾ ಅವರೇ ಮಾಡಿ ಹೊರಗೆ ಕೊಟ್ಟುಬರುತ್ತಿದ್ದರು.

ಒಂದು ಬುಧವಾರ ಹೊರಗಿನಿಂದ ಮಾಮಾನ ದನಿ ಎಂದಿಗಿಂತ ಜೋರಾಗಿ ಬಂತು. "ಇವತ್ತ ಆಪಾ ಸೈಜ್ ಒಂದ ಐತ್ರಿ. ಬರೇ ಒಂದ."

"ಇದ್ಯಾವ ಹೊಸಾದೋ? ನಿನಗ ಆಪಾ ಬ್ಯಾರೆ ಅದಾಳೇನು?" ಗೌಡಶಾನಿಯ ದನಿ. ಆಪಾ ಎಂದರೆ ಅವರಲ್ಲಿ ಅಕ್ಕ. ಇಷ್ಟು ವರ್ಷ ಅಕ್ಕನ ಸುದ್ದಿಯನ್ನೇ ಅವನು ತೆಗೆದಿರಲಿಲ್ಲ.

"ಅದಾಳ್ರಿ. ಇದನ್ನ ಒಳಗ ಕೊಟ್ಟ ಬರ್ರಿ. ಬಾಯಾರು ನೋಡ್ಲಿ. ಮನಸಿಗೆ ಬರಲಿಲ್ಲಂದ್ರ ಒಯ್ತೀನಿ."

ಗೌಡಶಾನಿ ಪೇಪರಿನ ಪೊಟ್ಟಣವನ್ನು ನನ್ನ ಮಂಚದ ಮೇಲಿಟ್ಟು, ಮಾತಿಲ್ಲದೆ ಹೊರಟುಹೋದಳು. ಅವಳು ಮಾತಿಲ್ಲದೆ ಹೋದದ್ದು ಅದೊಂದೇ ಸಲ.

ಆಕಾಶಬಣ್ಣದ ಹತ್ತಿ ಬಟ್ಟೆ. ಕೊರಳಿಂದ ಪಾದದವರೆಗೆ ಮುಂದೆ ಬಟನ್. ತೋಳು ಎತ್ತಬೇಕಾಗಿಲ್ಲ, ಕೋಟಿನಂತೆ ತೂರಿಸಿಕೊಂಡರಾಯಿತು. ಎದೆಯ ಮೇಲೆ ಅಡ್ಡಡ್ಡ ಮೂರು ಪದರ ಫ್ರಿಲ್, ಅಲೆಯ ಮೇಲೆ ಅಲೆ ಬಂದ ಹಾಗೆ. ತೊಟ್ಟು ಕನ್ನಡಿಯ ಮುಂದೆ ನಿಂತೆ. ಎಡ ಯಾವುದು, ಬಲ ಯಾವುದು, ನನಗೇ ಗೊತ್ತಾಗಲಿಲ್ಲ.

ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದೆ, ಟವೆಲ್ ಹೊದ್ದೆ. ಮತ್ತೆ ಏನನ್ನಿಸಿತೋ, ಟವೆಲ್ಲನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗೆ ಬಂದೆ.

ಅವನು ತಲೆ ಎತ್ತಲಿಲ್ಲ. ಗಂಟು ಬಿಗಿಯುತ್ತಲೇ ಅಂದ: "ಆಪಾ, ಸಾಹೇಬ್ರು ಚಾದಾಗ ಸಕ್ರಿ ಹಾಕಂಗಿಲ್ರಿ. ಇವತ್ತರ ನೀವ ಮಾಡ್ರಿ."

ಒಳಗಿನಿಂದ ಯಜಮಾನರು, "ಕೇಳಸ್ತೈತೋ ಮಾಮಾ!" ಎಂದು ಕೂಗಿದರು. ಗೌಡಶಾನಿ ನನ್ನ ಫ್ರಿಲ್ ಹಿಡಿದೆಳೆದು, "ನಮಗ್ಯಾಕ ಇಂಥಾದ್ದು ತರಲಿಲ್ಲೋ ಕಳ್ಳಾ?" ಎಂದಳು.

"ನೀವು ಖಾಲಾ ಸೈಜ್ ಅಲ್ಲೇನ್ರಿ ಅಕ್ಕಾರ! ಖಾಲಾಗ ಫ್ರಿಲ್ ಹಾಕಿದ್ರ ದಾರ್‍ಯಾಗ ಮೊಪೆಡ್ ಹೋಗಂಗಿಲ್ಲ."

ಎಲ್ಲರೂ ನಕ್ಕರು. ನಕ್ಕಾಗ ಹೊಲಿಗೆ ಎಳೆದು ನೋವಾಯಿತು, ಆದರೂ ನಕ್ಕೆ. ಅಂದಿನಿಂದ ನಾನು ಬಾಯಾರ ಆಗಿ ಉಳಿಯಲಿಲ್ಲ. ಆಪರೇಷನ್ನಿನ ಬಗ್ಗೆ ಅವನು ಒಂದೇ ಒಂದು ಮಾತು ಎಂದೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಆಪಾ ಸೈಜ್ ಬರುತ್ತಿತ್ತು, ಬೇರೆ ಬೇರೆ ಬಣ್ಣದಲ್ಲಿ. ರೋಣದಲ್ಲಿ ಅವನ ಅಕ್ಕನಿಗೂ ನನ್ನಂತೆಯೇ ಆಗಿರಬೇಕು, ಆದ್ದರಿಂದಲೇ ನನಗೆ ಎಂಥದ್ದು ಬೇಕೆಂದು ಅವನಿಗೆ ತಿಳಿದದ್ದು ಎಂದುಕೊಂಡಿದ್ದೆ. ಅವಳನ್ನು ಒಮ್ಮೆ ನೋಡಬೇಕೆಂಬ ಆಸೆಯಿತ್ತು.

ಹೋದ ವರ್ಷ ಮೊಪೆಡ್ ಬರುವುದು ನಿಂತಿತು. ಮಳೆ ಜೋರಾಗಿ ಕೊಣ್ಣೂರಿನ ಸೇತುವೆ ಮುಳುಗಿದರೂ ಸುತ್ತುಬಳಸಿ ಬರುತ್ತಿದ್ದವನು. ಹಾರ್ಟ್ ಅಟ್ಯಾಕ್ ಅಂತೆ, ಸುದ್ದಿ ತಡವಾಗಿ ಬಂತು. ಗೌಡಶಾನಿಯೂ ನಾನೂ ಬಸ್ಸು ಹಿಡಿದು ರೋಣಕ್ಕೆ ಹೋದೆವು.

ಅರಳೆ ಪೇಟೆಯ ಹಿಂದಿನ ಓಣಿಯಲ್ಲಿ ಚಿಕ್ಕ ಮನೆ. ಬಾಗಿಲಲ್ಲೇ ಕೂತಿದ್ದ ಮುದುಕಿ ಕಡ್ಡಿಯಂತಿದ್ದಳು. ಗಾಳಿ ಬಂದರೆ ಹಾರಿಹೋಗುವ ಮೈ. "ಯಾರ ಬೇಕ್ರಿ? ನಾನು ಅವನ ಖಾಲಾ," ಎಂದಳು.

ಗೌಡಶಾನಿ ಬಾಯಿ ತೆರೆದು ಅವಳನ್ನು ನೋಡಿದಳು, ತನ್ನ ಮೈಯನ್ನು ನೋಡಿಕೊಂಡಳು. "ನೀವ ಏನ್ರಿ ಖಾಲಾ?"

ಮುದುಕಿಗೆ ತಿಳಿಯಿತು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. "ಹೌದವ್ವಾ. ಊರೂರಾಗ ನನ್ನ ದಪ್ಪ ಮಾಡಿಟ್ಟ ಹ್ವಾದ ನನ ಮಗಾ."

ಒಳಗಿನಿಂದ ಅವನ ಹೆಂಡತಿ ಬಂದಳು. ನಾನು ಅವಳ ಕೈ ಹಿಡಿದು ಏನೇನೋ ಹೇಳಿದೆ, ಕೊನೆಗೆ, "ಅವರ ಆಪಾ ಎಲ್ಲಿದ್ದಾರ? ಅವರನ್ನೂ ನೋಡಬೇಕು," ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ನರಗುಂದದವ್ರೇನ್ರಿ? ಆ ಫ್ರಿಲ್ಲಿಂದು ನಾನ ಹೊಲೀತಿದ್ನಿರಿ. ಮೊದಲನೇದು ಎಷ್ಟ ಸರ್ತಿ ಬಿಚ್ಚಿಸಿದ್ರು, ಎಷ್ಟ ಸರ್ತಿ ಹೊಲಿಸಿದ್ರು! ಗದ್ದಕ್ಕ ಹಿಡಕೊಂಡು ಕನ್ನಡಿ ಮುಂದ ನಿಂತು ನೋಡಾವ್ರು, 'ಇನ್ನೂ ಕಾಣಸ್ತೈತಿ, ಇನ್ನೊಂದು ಪದರ ಹಾಕು' ಅನ್ನಾವ್ರು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರಿಗೆ ಅಕ್ಕ ಅಂತ ಯಾರೂ ಇರಲಿಲ್ರಿ. ಮನ್ಯಾಗ ನಿಮಗ ಆಪಾ ಅಂತಿದ್ರು."

ಆಮೇಲೆ ಒಳಗೆ ತಿರುಗಿ ಹೇಳಿದಳು: "ಸರೀರಿ, ಆಪಾ ಬಂದಾರ."

ಚಾಪೆಯ ಮೇಲೆ ಕೂತಿದ್ದ ಮನೆಯ ಹೆಣ್ಣುಮಕ್ಕಳು ಸರಿದು ನಡುವೆ ಜಾಗ ಮಾಡಿದರು. ನಾನು ಹೋಗಿ ಕೂತೆ.