ದೊಡ್ಡವ್ವನ ಕಿವಿ ನನ್ನ ಕಡೆ ಇತ್ತು

ಮೊನ್ನೆ ಹೊಸ ತಂತಿ ಹಾಕಿಸಲೆಂದು ನನ್ನ ಗಿಟಲೇಲೆಯನ್ನು, ಅಂದರೆ ತೊಡೆಯ ಮೇಲೆ ಕೂರುವಷ್ಟು ಪುಟ್ಟ ಗಿಟಾರನ್ನು, ಜಮಖಂಡಿಯ ಅಂಗಡಿಗೆ ಒಯ್ದಿದ್ದೆ. ಹಳೆಯ ತಂತಿಗಳನ್ನೆಲ್ಲ ಬಿಚ್ಚಿ, ಅದನ್ನು ಬೋಳಾಗಿ ಮಲಗಿಸಿಕೊಂಡ ಅಂಗಡಿಯ ಮಾಲಕರು ಅದರ ಹೊಟ್ಟೆಯ ಮೇಲಿನ ಹಳದಿ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಪಾಲಿಶ್ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ. ಸುಮ್ಮನೆ ನೋಡಿದರೆ ಅದು ಯಾರೋ ಊಟ ಮಾಡುತ್ತ ಮುಟ್ಟಿದ ಗುರುತು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಅಂಗೈ, ಅದರಿಂದ ಹೊರಟ ಬೆರಳುಗಳು... ಅರಿಷಿಣದ ವಾಸನೆ ಎಂದೋ ಹೋಗಿದೆ. ಆದರೂ ನಾನು ಮೂಗು ಹತ್ತಿರ ಒಯ್ದೆ. ಮಾಲಕರು ನನ್ನನ್ನು ನೋಡಿದ ರೀತಿಯನ್ನು ಅಂದೇ ಸಂಜೆ ಗೆಳೆಯರ ಮುಂದೆ ಮಾಡಿ ತೋರಿಸಿದೆ. ಚೆನ್ನಾಗಿ ಬಂತು.

ಅದು ನನ್ನ ಚಟ. ಯಾರು ಸಿಕ್ಕರೂ ಅವರ ದನಿ, ನಡಿಗೆ, ಮೂಗು ಉಜ್ಜಿಕೊಳ್ಳುವ ಪರಿ ಎಲ್ಲ ನನ್ನೊಳಗೆ ಬಂದು ಕೂರುತ್ತವೆ. ಮುಧೋಳ, ಬೀಳಗಿ, ಲೋಕಾಪುರದ ಕಡೆ ಮದುವೆಯೋ ಶಾಲೆಯ ಗ್ಯಾದರಿಂಗೋ ಇದ್ದರೆ ಮೈಕು ಹಿಡಿದು ನಿರೂಪಣೆ ಮಾಡಿ, ನಡುನಡುವೆ ಮಿಮಿಕ್ರಿ ಮಾಡಿ ನಗಿಸುವುದೇ ನನ್ನ ಉದ್ಯೋಗ. ಅಪ್ಪ ಮಾತ್ರ ಇನ್ನೂ ಅದನ್ನು ಉದ್ಯೋಗ ಎನ್ನುವುದಿಲ್ಲ.

ರಬಕವಿಯಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದಳು. ರಕ್ತಸಂಬಂಧವಿಲ್ಲ. ಇಡೀ ಓಣಿಗೆ ಅವಳು ದೊಡ್ಡವ್ವ. ಗಂಡ ತೀರಿದ ಮೇಲೆ ಮನೆಯ ಪವರ್‌ಲೂಮುಗಳನ್ನು ತಾನೇ ನಡೆಸಿ, ಸೀರೆ ನೇಯಿಸಿ, ಮಗನನ್ನೂ ಮಗಳನ್ನೂ ದಡ ಹತ್ತಿಸಿದವಳು. ಗಂಡನಿಲ್ಲದವಳೆಂದು ಅವಳಿಗೆ ಉಡಿಯನ್ನೋ ಅರಿಷಿಣ ಕುಂಕುಮವನ್ನೋ ತಪ್ಪಿಸುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಹಗಲೆಲ್ಲ ಆ ಖಟಕ್-ಪಟಕ್ ಸಪ್ಪಳದ ನಡುವೆಯೇ ಬದುಕಿದ್ದರಿಂದ ಅವಳ ಕಿವಿ ನಿಧಾನವಾಗಿ ಕೈಬಿಟ್ಟಿತ್ತು. ಮಗ್ಗದ ಮನೆಗಳಲ್ಲಿ ಮಾತನ್ನು ಕಿವಿಯಿಂದ ಕೇಳುವವರು ಕಡಿಮೆ, ಎದುರಿನವರ ತುಟಿ ನೋಡಿಯೇ ಅರ್ಧ ಸಂಸಾರ ನಡೆಯುತ್ತದೆ. ದೊಡ್ಡವ್ವ ಅದರಲ್ಲಿ ಎಷ್ಟು ಪಳಗಿದ್ದಳೆಂದರೆ, ಒಮ್ಮೆ ನಮ್ಮ ಕಟ್ಟೆಯ ಮೇಲೆ ನಾನು ದನಿ ತೆಗೆಯದೆ ಬರೀ ಬಾಯಾಡಿಸಿ ಅವಳನ್ನು ಅಣಕಿಸುತ್ತಿದ್ದಾಗ ತನ್ನ ಬಾಗಿಲಿನಿಂದಲೇ ಕೂಗಿದಳು:

“ಲೇ ತಮ್ಮಾ, ನಾ ಅಷ್ಟ ಸಣ್ಣ ಬಾಯಿ ತೆಗದ ಮಾತಾಡ್ತೇನೇನು? ಇನ್ನೊಂದ ಚೂರು ಅಗಲ ಮಾಡು.”

ಅಂದಿನಿಂದ ನಾವು ಗೆಳೆಯರು.

ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಹಾಕಿದರೂ ಜೋಗುಳ ಎತ್ತುವವಳು ಅವಳೇ. ನನ್ನನ್ನು ತೊಟ್ಟಿಲಿಗೆ ಹಾಕಿದಾಗಲೂ ಅವಳೇ ಹಾಡಿದ್ದಳಂತೆ. ನಾನು ಹಾಡಿನುದ್ದಕ್ಕೂ ಅತ್ತು, ಮುಗಿದ ಕೂಡಲೇ ಸುಮ್ಮನಾದೆನಂತೆ. ಅವಳು ಅದನ್ನು ಎಂದೂ ಮರೆಯಲಿಲ್ಲ. ಮೊದಲು ಅವಳು ಒಬ್ಬಳೇ ಹಾಡು ಎತ್ತುತ್ತಿದ್ದಳು, ಉಳಿದ ಹೆಂಗಸರು ಅವಳ ಬೆನ್ನ ಹಿಂದೆ ಬರುತ್ತಿದ್ದರು. ಕಿವಿ ಹೋದಂತೆ ಶ್ರುತಿಯೂ ಜಾರತೊಡಗಿತು. ಒಂದು ಮನೆಯಲ್ಲಿ ಹಾಡಿನ ನಡುವೆ ಒಬ್ಬ ಸೊಸೆ ಇನ್ನೊಬ್ಬಳ ಕಿವಿಯಲ್ಲಿ ಪಿಸುಗುಟ್ಟಿದಳು. ದೊಡ್ಡವ್ವನದು ಎಲ್ಲೆಲ್ಲೋ ಹೋಗುತ್ತಿದೆ, ಮುಂದಿನ ಸಲ ಫೋನಿನಲ್ಲೇ ಜೋಗುಳ ಹಚ್ಚಿದರಾಯಿತು ಎಂದು. ಪಿಸುಮಾತು ಉಳಿದ ಯಾರಿಗೂ ಕೇಳಿಸಲಿಲ್ಲ, ನನಗದು ಬಹಳ ದಿನಗಳ ಮೇಲೆ ದೊಡ್ಡವ್ವನೇ ಹೇಳಿದ್ದು. ದೊಡ್ಡವ್ವನಿಗೆ ಕೇಳಿಸುವುದೂ ಬೇಕಿರಲಿಲ್ಲ, ಅವಳು ತುಟಿ ನೋಡಿದ್ದಳು. ಹಾಡು ಮುಗಿಸಿ, ಉಡಿ ತುಂಬಿಸಿಕೊಂಡು ಮನೆಗೆ ಬಂದಳು. ಆಮೇಲೆ ಯಾರು ಕರೆದರೂ ಮೊಣಕಾಲು ನೋವೆಂದು ಹೋಗಲಿಲ್ಲ.

ಹೀಗಿರುವಾಗ ಬೀಳಗಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹುಟ್ಟುವ ಕೂಸನ್ನು ದೊಡ್ಡವ್ವನ ಮನೆಯಲ್ಲೇ ತೊಟ್ಟಿಲಿಗೆ ಹಾಕಬೇಕು, ಬೀಗರೆಲ್ಲ ಬೀಳಗಿಯಿಂದ ಬರುತ್ತಾರೆ. ಸ್ವಂತ ಮೊಮ್ಮಗುವಿಗೆ ಹಾಡಲು ಮೊಣಕಾಲು ನೋವಿನ ನೆಪ ನಡೆಯುವುದಿಲ್ಲ. ಅವಳಿಗೆ ನೆಪ ಬೇಕಾಗಿರಲೂ ಇಲ್ಲ. ಹಾಡಬೇಕೆಂಬ ಆಸೆ ಇತ್ತು, ಬೀಗರ ಮುಂದೆ ನಗೆಪಾಟಲಾಗುವ ಭಯವೂ ಇತ್ತು. ಎರಡನ್ನೂ ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಒಂದು ದಿನ ನನ್ನನ್ನು ಕರೆದು ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಜೊತೆಗೆ ಬಾ ಎಂದಳು. ಆಗಲೇ ನನಗೆ ತಿಳಿಯಿತು.

ಡಾಕ್ಟರು ಕಿವಿಗೆ ಮಷೀನು ಹಾಕಿ ಕಳಿಸಿದರು. ಬಸ್ಸಿನ ಹಾರ್ನ್ ಕೇಳಿ ಅವಳು ಬೆಚ್ಚಿದಳು, ನನ್ನ ಮಾತು ಕೇಳಿ ಬೇಸರಪಟ್ಟಳು. ಬೀದಿಯಲ್ಲೇ ಅದನ್ನು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡವಳು, ಮನೆಗೆ ಬಂದ ಮೇಲೆ ಕುಂಕುಮದ ಡಬ್ಬಿಯಲ್ಲಿಟ್ಟಳು, ಮತ್ತೆ ಹಾಕಿಕೊಳ್ಳಲಿಲ್ಲ. ಮಗ್ಗವೇ ಕಿವಿಯೊಳಗೆ ಬಂದು ಕುಳಿತಂತಾಯಿತು ಎಂದಳು.

ಆದರೆ ಅಂದೇ, ಬಸ್ಸು ಬರಲು ಹೊತ್ತಿದ್ದುದರಿಂದ, ನಾವು ಹಾರ್ಮೋನಿಯಂ, ತಬಲಾ, ಭಜನೆಯ ತಾಳ ಮಾರುವ ಒಂದು ಅಂಗಡಿ ಹೊಕ್ಕೆವು. ನನಗೆ ಗಿಟಾರು ಬೇಕಾಗಿತ್ತು. ಮಿಮಿಕ್ರಿಯ ನಡುವೆ ಸಿನಿಮಾ ನಾಯಕನಂತೆ ಅದನ್ನು ಎದೆಗವಚಿಕೊಂಡು ನಿಲ್ಲುವ ಆಸೆ. ಮಾಲಕರು ದೊಡ್ಡ ಗಿಟಾರನ್ನು ನನ್ನ ಕೊರಳಿಗೆ ಹಾಕಿದರು. ನನ್ನ ಎತ್ತರದ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಗೋಡೆಯ ಕನ್ನಡಿಯಲ್ಲಿ ನೋಡಿದರೆ ಗಿಟಾರು ಒಬ್ಬ ಹುಡುಗನನ್ನು ಕೊಂಡುಕೊಂಡು ಹೊರಟಂತಿತ್ತು. ಇದನ್ನು ಹಿಡಿದು ಲೋಕಾಪುರದ ಬಸ್ಸಿನಲ್ಲಿ ನಿಂತರೆ ಕಂಡಕ್ಟರ ಇಬ್ಬರನ್ನೂ ಇಳಿಸುತ್ತಾನೆ ಎಂದು ದೊಡ್ಡವ್ವ ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. ಅವಳು ಗುಟ್ಟು ಹೇಳಿದರೂ ಹಾಗೆಯೇ ಕೇಳುತ್ತಿತ್ತು.

ಆಮೇಲೆ ಯುಕುಲೇಲೆ ಬಂತು. ಬರೀ ನಾಲ್ಕು ತಂತಿ, ಕೈಯಲ್ಲಿ ಹಿಡಿದರೆ ಜಾತ್ರೆಯ ಆಟಿಕೆಯಂತೆ. ಕೊನೆಗೆ ಮಾಲಕರು ಮೇಲಿನ ಹಲಗೆಯಿಂದ ಇಳಿಸಿದ್ದೇ ಈ ಗಿಟಲೇಲೆ. ಯುಕುಲೇಲೆಗಿಂತ ತುಸು ದೊಡ್ಡದು, ಗಿಟಾರಿಗಿಂತ ಬಹಳ ಸಣ್ಣದು. ತಂತಿ ಗಿಟಾರಿನ ಹಾಗೆ ಆರು. ಇವೆರಡೂ ಓಡಿಹೋಗಿ ಮದುವೆಯಾಗಿದ್ದರೆ ಹುಟ್ಟುತ್ತಿದ್ದ ಕೂಸು. ಪ್ರಯಾಣದಲ್ಲಿ ಒಯ್ಯಲು ಅನುಕೂಲ, ಬಸ್ಸಿನ ಸೀಟಿನಲ್ಲಿ ತೊಡೆಯ ಮೇಲೆ ಕೂರುತ್ತದೆ ಎಂದು ಅವರು ಹೇಳುತ್ತಲೇ ತಂತಿ ಮೀಟಿದರು. ದೊಡ್ಡವ್ವನಿಗೆ ಕೇಳಲಿಲ್ಲ. ಎಲ್ಲರೂ ಏನು ಕೇಳುತ್ತಿದ್ದಾರೆಂದು ನೋಡಲು ಅವಳು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಮಗ್ಗ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ಅದರ ಮೈಮೇಲೆ ಕೈಯಿಟ್ಟು ನೋಡುವ ಹಾಗೆ.

“ಅವ್ವಾರ, ಹೊಟ್ಟಿ ಮ್ಯಾಲೆ ಕೈ ಇಡಬ್ಯಾಡ್ರಿ. ಸಪ್ಪಳ ಸತ್ತ ಹೋಗ್ತೈತ್ರಿ,” ಎಂದರು ಮಾಲಕರು.

ಅವಳು ಅವರ ತುಟಿ ನೋಡುತ್ತಿರಲಿಲ್ಲ. ಕೈ ತೆಗೆಯಲಿಲ್ಲ. ವಾದ್ಯವನ್ನೇ ಎತ್ತಿ ಕೊರಳ ಕೆಳಗಿನ ಎಲುಬಿಗೆ ಒತ್ತಿ ಹಿಡಿದು, ಮತ್ತೊಮ್ಮೆ ಮೀಟು ಎಂದು ನನಗೆ ಸನ್ನೆ ಮಾಡಿದಳು. ಮೀಟಿದೆ. ಅವಳ ಮುಖದಲ್ಲಿ ಆಗ ಬಂದದ್ದನ್ನು ನಾನು ಎಷ್ಟೋ ಸಲ ಮಾಡಿ ನೋಡಿದ್ದೇನೆ. ಬರುವುದಿಲ್ಲ...

“ಇದ ತಗೋ,” ಎಂದಳು. “ಇದು ನನ್ನ ಕೂಡ ಮಾತಾಡಾಕತ್ತೈತಿ.”

ತೆಗೆದುಕೊಂಡದ್ದು ಸುಲಭ, ನುಡಿಸುವುದು ಕಷ್ಟ. ಇಷ್ಟು ಸಣ್ಣ ದನಿ ನಮ್ಮ ಓಣಿಯ ಮಗ್ಗಗಳ ಮುಂದೆ ಯಾರಿಗೆ ಕೇಳಬೇಕು? ಕರೆಂಟು ಹೋದಾಗ ಮಾತ್ರ ಕಲಿಯಲು ಆಗುತ್ತಿತ್ತು. ಓಣಿಯವರೆಲ್ಲ ಹೊರಗೆ ಬಂದು ಲೈನ್‌ಮನ್‌ನ ಹಿರಿಯರನ್ನು ನೆನೆಯುವ ಹೊತ್ತಿಗೆ ನಾನೊಬ್ಬನೇ ಖುಷಿಯಿಂದ ಒಳಗೆ ಓಡುತ್ತಿದ್ದೆ. ಫೋನಿನ ವಿಡಿಯೋದಲ್ಲಿ ಕಲಿಸುವವನು ದೊಡ್ಡ ಗಿಟಾರಿನವನು. ಅವನು ಬೆರಳಿಟ್ಟ ಕಡೆಯೇ ನಾನೂ ಇಟ್ಟರೆ ಇದರಲ್ಲಿ ಸ್ವರ ಬಹಳ ಮೇಲೆ ಹೊರಡುತ್ತಿತ್ತು. ಇದರ ತಂತಿ ಕಟ್ಟುವುದೇ ಗಿಟಾರಿಗಿಂತ ಮೇಲಿನ ಸ್ವರಕ್ಕೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಶ್ರುತಿಯನ್ನು ಅಂಗೈಯಲ್ಲಿ ಹಿಡಿದು ದೊಡ್ಡವ್ವ ಹಾಡಲು ಹೋದರೆ ಬಾಲ ತುಳಿಸಿಕೊಂಡ ಬೆಕ್ಕಿನಂತಾಗುತ್ತಿತ್ತು. ನಾನು ನಗುತ್ತಿದ್ದೆ. ಅವಳು ನನ್ನ ನಗೆ ನೋಡಿ ಬೆನ್ನಿಗೆ ಗುದ್ದುತ್ತಿದ್ದಳು. ಕೊನೆಗೆ ಬೆರಳುಗಳನ್ನು ಬೇರೆ ಕಡೆ ಸರಿಸಿ, ಅವಳ ದನಿ ಆರಾಮಾಗಿ ಕೂರುವ ಸ್ವರ ಹುಡುಕಿದೆವು. ಅವಳ ಅಂಗೈ ಕೆಳಗೆ ಅದು ಗುಂಯ್ ಎಂದ ಕೂಡಲೇ ಅವಳ ದನಿ ಬಂದು ಅದರ ಮೇಲೆಯೇ ಕೂತುಕೊಂಡಿತು. ನಾನು ನಗುವುದು ನಿಲ್ಲಿಸಿದೆ.

ಇನ್ನೊಂದು ತೊಡಕು ನನ್ನ ಬಲಗೈಯದು. ಏನು ನುಡಿಸಿದರೂ ಅದು ಮಗ್ಗದ ತಾಳಕ್ಕೇ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ಹೀಗೆ ನುಡಿಸಿದರೆ ಕೂಸು ಮಲಗುವುದಿಲ್ಲ, ಎದ್ದು ಸೀರೆ ನೇಯಲು ಹೋಗುತ್ತದೆ ಎಂದಳು. ಎಡಗೈಯಿಂದ ಇಲ್ಲದ ತೊಟ್ಟಿಲನ್ನು ತೂಗುತ್ತ ನನ್ನ ಕೈಯನ್ನು ನಿಧಾನಕ್ಕೆ ಇಳಿಸಿದಳು.

ಹೆಣ್ಣು ಕೂಸು ಹುಟ್ಟಿತು. ಅಯ್ಯನವರು ತೊಟ್ಟಿಲಿಗೆ ಒಳ್ಳೆಯ ವೇಳೆ ಹೇಳಿದರು. ದೊಡ್ಡವ್ವ ಕೇಳಿಕೊಂಡು, ಆ ಹೊತ್ತಿಗೆ ಕರೆಂಟು ಇರುತ್ತದೆ, ಸ್ವಲ್ಪ ಮುಂದೆ ಹಾಕಿರಿ ಎಂದಳು. ಆಗ ದಿನಾಲೂ ಮಧ್ಯಾಹ್ನ ಕರೆಂಟು ತೆಗೆಯುತ್ತಿದ್ದರು. ತನ್ನ ಮಗ್ಗಗಳನ್ನು ಅವಳು ಬಂದ್ ಮಾಡಬಹುದು, ಇಡೀ ಓಣಿಯ ದುಡಿಮೆ ನಿಲ್ಲಿಸಿ ಎನ್ನಲಾಗದು. ಗ್ರಹಗತಿ ಹಾಗೂ ವಿದ್ಯುತ್ ಇಲಾಖೆ ಎರಡನ್ನೂ ಹೊಂದಿಸಿ ಅಯ್ಯನವರು ಒಂದು ಮುಹೂರ್ತ ತೆಗೆದುಕೊಟ್ಟರು. ಹೀಗೆ ಮುಹೂರ್ತ ಇಡುವವರು ರಬಕವಿ-ಬನಹಟ್ಟಿಯವರು ಬಿಟ್ಟರೆ ಇನ್ನಾರೂ ಇರಲಿಕ್ಕಿಲ್ಲ.

ಆ ದಿನ ಪಡಸಾಲೆ ತುಂಬ ಹೆಂಗಸರು. ಬೀಗತಿಯರು ಮುಂದೆ, ಓಣಿಯವರು ಹಿಂದೆ. ಪಿಸುಗುಟ್ಟಿದ್ದ ಆ ಸೊಸೆಯೂ ಫೋನು ಹಿಡಿದು ಸಿದ್ಧವಾಗಿಯೇ ಬಂದಿದ್ದಳು. ಅಷ್ಟು ಸೀರೆಗಳ ನಡುವೆ ಗಂಡಸು ನಾನೊಬ್ಬ. ದೊಡ್ಡ ಗಿಟಾರು ತಂದಿದ್ದರೆ ಅದರ ಕತ್ತು ಯಾವ ಬೀಗತಿಯ ಮೂಗಿಗೆ ತಾಗುತ್ತಿತ್ತೋ. ಇದು ಮಾತ್ರ ನನ್ನ ಮತ್ತು ದೊಡ್ಡವ್ವನ ನಡುವೆ ಇನ್ನೊಂದು ಕೂಸಿನಂತೆ ಕುಳಿತಿತ್ತು. ಎಲ್ಲರಿಗೂ ಅರಿಷಿಣ ಕುಂಕುಮ ಹಚ್ಚಿ ಬಂದವಳು ಕೈ ಒರೆಸಿಕೊಳ್ಳದೆಯೇ ಅಂಗೈಯನ್ನು ಅದರ ಮೇಲಿಟ್ಟಳು. ನಾನು ಮೀಟಿದೆ. ಅವಳು ಹಾಡು ಎತ್ತಿದಳು.

ಸರಿಯಾಗಿ ಬಂತು. ಹಿಂದಿನವರು ದನಿಗೂಡಿಸಿದರು. ತೊಟ್ಟಿಲು ತೂಗತೊಡಗಿತು. ನನಗೆ ಉಸಿರು ಬಂತು... ಅಷ್ಟರಲ್ಲಿ ಹೋಗಿದ್ದ ಕರೆಂಟು ವೇಳೆಗೆ ಮೊದಲೇ ಬಂದುಬಿಟ್ಟಿತು.

ಒಂದೇ ಏಟಿಗೆ ಓಣಿಯ ಮಗ್ಗಗಳೆಲ್ಲ ಶುರುವಾದವು. ಗೋಡೆ ನಡುಗಿತು. ಹಿಂದಿನವರು ಒಬ್ಬೊಬ್ಬರಾಗಿ ಸ್ವರ ತಪ್ಪಿ ನಿಂತರು. ನನ್ನ ತಂತಿ ನನಗೇ ಕೇಳಿಸದಾಯಿತು. ಬಲಗೈ ಮತ್ತೆ ಮಗ್ಗದ ಕಡೆ ಓಡಲು ನೋಡಿತು. ದೊಡ್ಡವ್ವನಿಗೆ ಮಾತ್ರ ಏನೂ ಆಗಿರಲಿಲ್ಲ. ಅವಳಿಗೆ ಕರೆಂಟು ಬಂದದ್ದೇ ಗೊತ್ತಿಲ್ಲ. ಶ್ರುತಿ ಅವಳ ಅಂಗೈಯಲ್ಲಿತ್ತು, ದನಿಯೋ ಮಗ್ಗಗಳ ಮೇಲೆ ಕೂಗಿ ಕೂಗಿ ಬೆಳೆದದ್ದು. ಕಣ್ಣು ಮುಚ್ಚಿ ಹಾಡುತ್ತ ಹೋದಳು. ನಾನು ಕೇಳುವುದನ್ನು ಬಿಟ್ಟು, ಅವಳ ತುಟಿ ನೋಡುತ್ತ, ಅವಳ ತಲೆ ತೂಗಿದಂತೆ ಮೀಟುತ್ತ ಹೋದೆ. ಬೀಗತಿಯರು ಮುಂದೆ ಸರಿದು ಬಂದರು. ಜೋ ಎಂದು ಎಳೆದ ಕೊನೆಯ ಸ್ವರ ಅಷ್ಟು ಸಪ್ಪಳದ ಮೇಲೆ, ಸೊಟ್ಟಾಗದೆ, ನಿಂತೇ ಇತ್ತು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದನ್ನೇ ಮರೆತು ಕುಳಿತಿದ್ದಳು. ಉಳಿದವರು ಪದ್ಧತಿಯಂತೆ ಬೆನ್ನಿಗೆ ಗುದ್ದಿ ಎಚ್ಚರಿಸಬೇಕಾಯಿತು.

ಅಂದು ನಾನು ದೊಡ್ಡವ್ವನಿಗೆ ಶ್ರುತಿ ಕೊಟ್ಟೆನೆಂದು ಓಣಿಯವರು ಇಂದಿಗೂ ಹೇಳುತ್ತಾರೆ. ಹೊಗಳುವವರನ್ನು ತಿದ್ದುವುದು ನನ್ನ ಸ್ವಭಾವವಲ್ಲ.

ಊಟಕ್ಕೆ ಕುಳಿತಾಗ ಆ ಸೊಸೆ ಹತ್ತಿರ ಬಂದು, ಮುಂದಿನ ತಿಂಗಳು ತನ್ನ ತಂಗಿಯ ಮಗನ ತೊಟ್ಟಿಲಿಗೆ ಬರಬೇಕೆಂದು ಕೇಳಿದಳು. ದೊಡ್ಡವ್ವ ಅವಳ ತುಟಿಯನ್ನು ಬೇಕೆಂದೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು:

“ಇವನ್ನೂ ಕರಿ ಬೇ. ನನ್ನ ಕಿವಿ ಇವನ ಕಡೆ ಐತಿ.”

ಜನರನ್ನು ನಗಿಸಿ ಶಾಲು, ಹಾರ ಎಲ್ಲ ಪಡೆದಿದ್ದೇನೆ. ಈ ಮಾತಿನಷ್ಟು ಎದೆ ಉಬ್ಬಿಸಿದ್ದು ಯಾವುದೂ ಇಲ್ಲ. ಆಮೇಲೆ ಎಷ್ಟು ಊರು ತಿರುಗಿದೆವು... ಬನಹಟ್ಟಿ, ಮುಧೋಳ, ಅತ್ತ ತುಬಚಿಯವರೆಗೆ. ಬಸ್ಸಿನಲ್ಲಿ ಗಿಟಲೇಲೆ ಅವಳ ತೊಡೆಯ ಮೇಲೆಯೇ. ಯಾರಾದರೂ ಅದೇನೆಂದು ಕೇಳಿದರೆ ನನ್ನ ಕಡೆ ಬೆರಳು ತೋರಿಸಿ, ಇದಕ್ಕಿಂತ ಅವನೇ ಹೆಚ್ಚು ಸಪ್ಪಳ ಮಾಡುತ್ತಾನೆ ಎನ್ನುತ್ತಿದ್ದಳು.

ದೊಡ್ಡವ್ವ ಹೋಗಿ ಈಗ ಕೆಲವು ವರ್ಷಗಳಾದವು. ತೊಟ್ಟಿಲಲ್ಲಿದ್ದ ಆ ಹುಡುಗಿ ರಜೆಗೆ ಬೀಳಗಿಯಿಂದ ಬಂದಾಗ ನನ್ನನ್ನೇ ಅಣಕಿಸುತ್ತಾಳೆ, ನನಗಿಂತ ಚೆನ್ನಾಗಿ. ಓಣಿಯಲ್ಲಿ ತೊಟ್ಟಿಲು ಹಾಕಿದರೆ ನನ್ನನ್ನು ಇನ್ನೂ ಕರೆಯುತ್ತಾರೆ. ಪಿಸುಗುಟ್ಟಿದ್ದ ಆ ಸೊಸೆಯೇ ಈಗ ಜೋಗುಳ ಎತ್ತುವವಳು. ಚೆನ್ನಾಗಿಯೇ ಹಾಡುತ್ತಾಳೆ, ದೊಡ್ಡವ್ವನ ಎಳೆತಗಳನ್ನೆಲ್ಲ ಹಾಗೆಯೇ ಇಟ್ಟುಕೊಂಡಿದ್ದಾಳೆ.

ಮೊನ್ನೆ ಹೊಸ ತಂತಿ ಹಾಕಿದ ಮಾಲಕರು ಒಮ್ಮೆ ಮೀಟಿ, ಕಿವಿಗೊಟ್ಟು, ಎಂಥ ಛಲೋ ನಾದ, ಬಿಚ್ಚಿ ಬರುತ್ತಿದೆ ಎಂದರು. ಖರೆ. ಒತ್ತಿ ಹಿಡಿಯುವ ಕೈ ಇಲ್ಲದ್ದರಿಂದ ಅದೀಗ ಪೂರ್ತಿಯಾಗಿ ಕೇಳುತ್ತದೆ. ಎಲ್ಲರೂ ಹಾಗೆಯೇ ಹೇಳುತ್ತಾರೆ. ನನಗೆ ಮಾತ್ರ ಅದು ಅಭ್ಯಾಸವಾಗಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿದೆ. ಇನ್ನೊಂದು ಕೈಯನ್ನು ಆ ಹಳದಿ ಕಲೆಯ ಮೇಲಿಟ್ಟೆ. ಸಪ್ಪಳ ಸತ್ತಿತು. ಅಂಗೈ ಕೆಳಗೆ ಅದು ಇನ್ನೂ ಗುಂಯ್ ಎನ್ನುತ್ತಿತ್ತು...