ನಾನು ಒಗೆದುಬಿಟ್ಟ ಬಟ್ಟೆ

ಮಾರಮ್ಮನನ್ನು ನಂಬಿದವರಿಗೆ ಇದನ್ನು ಬರೀತಿದ್ದೀನಿ. ಮೂರನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಎಪ್ಪತ್ತನೇ ಇಸವಿ, ರಾಗಿ ಕುಯ್ಲಿನ ಕಾಲ. ಬಸುರಿ ಮಗಳು ರತ್ನಿಯನ್ನು ನಮ್ಮೂರು ಮಧುರೆಯಿಂದ ಮೊದಲ ಬಸ್ಸಲ್ಲಿ ಪೇಟೆ ಆಸ್ಪತ್ರೆಗೆ ಕರಕೊಂಡು ಹೋದೆ. ಅದಕ್ಕೆ ಎರಡು ವರ್ಷ ಮುಂಚೆ ನನ್ನ ಹಿರಿಮಗಳು ಮನೇಲೇ ಹೆತ್ತು, ಅವತ್ತೇ ತೀರಿಕೊಂಡಿದ್ದಳು. ಗಾಳಿ ಸೋಕಿತು ಅಂದರು. ನಾನೂ ನಂಬಿದೆ. "ಇವಳನ್ನಾದರೂ ಉಳಿಸು ತಾಯಿ" ಅಂತ ಮಾರಮ್ಮನಿಗೆ ಹರಕೆ ಹೊತ್ತು ಬಸ್ಸು ಹತ್ತಿದ್ದೆ.

ಹೊತ್ತು ನೆತ್ತಿಗೆ ಬರೋ ಮುಂಚೆ ಹೆಣ್ಣುಮಗು ಆಯಿತು. ಡಾಕ್ಟರು ನೋಡಿ, ಬೇರೆ ಊರಿನ ಕೆಲಸಕ್ಕೆ ಹೋದರು. ಉಳಿದದ್ದು ಒಬ್ಬಳು ನರ್ಸಮ್ಮ, ಒಬ್ಬಳು ಆಯಾ. ನರ್ಸಮ್ಮ ಆಗಾಗ ಬಂದು "ಬಟ್ಟೆ ತೋರಿಸಜ್ಜಿ" ಅನ್ನೋಳು. ಬಾಣಂತಿಯ ರಕ್ತದ ಬಟ್ಟೆಯನ್ನು ನಮ್ಮ ಮನೇಲಿ ಪರರ ಕಣ್ಣಿಗೆ ಬೀಳಿಸೋದಿಲ್ಲ, ದೃಷ್ಟಿಯಾಗ್ತದೆ. ನೆಂದದ್ದನ್ನೆಲ್ಲ ಹಿತ್ತಲಲ್ಲಿ ಒಗೆದುಬಿಟ್ಟು, ಆಗತಾನೇ ಇಟ್ಟ ಬಟ್ಟೆ ತೋರಿಸ್ತಿದ್ದೆ. "ರಕ್ತ ಹೋಗೋದು ಕಮ್ಮಿ ಇದೆ, ಪರವಾಗಿಲ್ಲ" ಅಂತ ಬರಕೊಂಡು ಹೋಗೋಳು.

ಆಮೇಲೆ ರತ್ನಿ ಮಾತು ನಿಲ್ಲಿಸಿದಳು. ಕೈ ತಣ್ಣಗಾಯಿತು. ಅಮ್ಮನ ಕುಂಕುಮ ಅವಳ ಹಣೆಗೆ ಒತ್ತಿ, "ಕೊಟ್ಟು ಕಿತ್ತುಕೊಳ್ಳೋದೇ ನಿನ್ನ ಕಸುಬಾ?" ಅಂತ ಅಮ್ಮನನ್ನೇ ಬೈದೆ.

ನರ್ಸಮ್ಮ ಬಂದಳು. ರತ್ನಿಯ ಬಿಳಿಚಿದ ತುಟಿ ನೋಡಿದಳು, ಬಟ್ಟೆ ನೋಡಿದಳು, ಆಮೇಲೆ ನನ್ನ ಸೆರಗು ನೋಡಿದಳು.

"ಯಾಕಜ್ಜಿ ಸೀರೆಯೆಲ್ಲ ಒದ್ದೆ? ಏನು ಒಗೆದೆ?"

"ಏನಿಲ್ಲ ಕಣವ್ವ."

"ಸುಳ್ಳು ಹೇಳಬೇಡ. ಎಷ್ಟು ಬಟ್ಟೆ?"

"ಆರು."

ನರ್ಸಮ್ಮ ಸೂಜಿ ಕೈಗೆತ್ತಿಕೊಂಡಳು. ಆಯಾ ಅಡ್ಡ ಬಂದಳು. "ಡಾಕ್ಟರು ಹೇಳದೆ ಸೂಜಿ ಹಾಕಿದರೆ ನಿಮ್ಮ ಕೆಲಸ ಹೋಗ್ತದೆ ಸಿಸ್ಟರ್."

"ಅವರು ಬರೋವರೆಗೆ ಇವಳು ಇರ್ತಾಳಾ? ಇಟ್ಟಿಗೆ ತಾ."

ಸೂಜಿ ಚುಚ್ಚಿ, ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು, ರತ್ನಿಯ ಹೊಟ್ಟೆ ಅಮುಕಿಕೊಂಡು ಕೂತಳು. ಡಾಕ್ಟರು ಬರೋವರೆಗೂ ಕೈ ತೆಗೀಲಿಲ್ಲ. ಅವರು ಬಂದು ನೋಡಿ, ಹಾಕಿದ ಸೂಜಿಯನ್ನ ಚೀಟಿಯಲ್ಲಿ ತಾವೇ ಬರಕೊಂಡರು.

ರತ್ನಿ ಉಳಿದಳು. ಮೂರನೇ ದಿನ ಕೇಳಿದೆ, "ನಿನಗೆ ಹೆಂಗವ್ವ ಹೊಳೀತು?"

"ಅವಳ ತುಟಿ ಒಂದು ಹೇಳ್ತಿತ್ತು, ನೀನು ತೋರಿಸಿದ ಬಟ್ಟೆ ಇನ್ನೊಂದು. ಯಾವುದನ್ನ ನಂಬಲಿ ಅಂತ ನಿಂತಿದ್ದೆ. ನಿನ್ನ ಸೆರಗಿಂದ ನೀರು ತೊಟ್ಟಿಕ್ಕಿತು."

ಆ ಸೆರಗಿನ ಕಡೆ ಅವಳ ಕಣ್ಣು ತಿರುಗಿಸಿದವಳು ಅಮ್ಮನೇ. ಇದನ್ನು ಯಾರು ನಕ್ಕರೂ ಬಿಡೋದಿಲ್ಲ.

ಆದರೆ ಹಿರಿಮಗಳ ಬಟ್ಟೆಯನ್ನೂ ನಾನೇ ಒಗೆದಿದ್ದೆ. ಅವತ್ತು ಗಾಳಿಯೂ ಇರಲಿಲ್ಲ, ಎಂಥದೂ ಇರಲಿಲ್ಲ. ಅಮ್ಮನ ಮುಂದೆ ಅದನ್ನೂ ಒಪ್ಪಿಕೊಂಡೆ.

ಹರಕೆ ತೀರಿಸಿದ್ದೀನಿ. ಉಳಿದದ್ದು ಇದೊಂದೇ: ನಿಮ್ಮ ಮನೇಲಿ ಹೆರಿಗೆಯಾದರೆ ಬಟ್ಟೆ ಮುಚ್ಚಿಡಬೇಡಿ. ತೋರಿಸಿ.